ಡಾಂಬರು ಪೀಪಾಯಿಯ ಶಿಲ್ಪ

ಕೇಳುಗರೆ, 1986ರ ಮಳೆಗಾಲದ ಒಂದು ಸಂಜೆಯಿಂದ ಈ ಮಾತನ್ನು ಆರಂಭಿಸಲು ತಮ್ಮ ಅಪ್ಪಣೆ ಬೇಡುತ್ತೇನೆ. ಆಗ ನಾನು ಮಧುಗಿರಿಯಲ್ಲಿ ಕನ್ನಡ ಅಧ್ಯಾಪಕ. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ರಜೆ ಬಂತೆಂದು ಪಾವಗಡ ತಾಲ್ಲೂಕಿನ ಬಲಸಮುದ್ರಕ್ಕೆ, ನನ್ನ ತಾಯಿಯ ತವರಿಗೆ, ಹೊರಟಿದ್ದೆ. ಮಿಡಿಗೇಶಿಯನ್ನು ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಆ ಸೀಮೆಗೆ ಅಪರೂಪವಾದ ಮಳೆ ಅಂದೇ ಸುರಿಯಬೇಕೆ! ರಸ್ತೆಯ ಬದಿಯಲ್ಲಿ ಡಾಂಬರು ಹಾಕುವ ಕೂಲಿಕಾರರ ನಾಲ್ಕಾರು ಗುಡಿಸಲುಗಳಿದ್ದವು. ಗುಡಿಸಲೆಂದರೆ ಗರಿಯದಲ್ಲ, ಹುಲ್ಲಿನದಲ್ಲ. ಡಾಂಬರು ತುಂಬಿ ಬರುವ ಪೀಪಾಯಿಗಳ ತಳ, ಮುಚ್ಚಳ ತೆಗೆದು, ಉದ್ದಕ್ಕೆ ಸೀಳಿ, ಬಡಿದು ಚಪ್ಪಟೆ ಮಾಡಿದ ಕರಿಯ ತಗಡುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಗೂಡುಗಳು. ‘ಒಳಕ್ಕೆ ಬಾ ಸಾಮಿ, ನೆಂದೋಗ್ತೀಯ’ ಎಂದು ಒಬ್ಬ ಹೆಂಗಸು ಕರೆದಳು. ಸೊಂಟ ಬಗ್ಗಿಸಿ ಒಳಹೊಕ್ಕೆ. ಮೇಲಿನ ತಗಡಿನ ಮೊಳೆತೂತುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಆಕೆ ಒಲೆಯ ಮೇಲೆ ಹನಿ ಬೀಳದಂತೆ ತಟ್ಟೆಯೊಂದನ್ನು ಅಡ್ಡ ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ಮಳೆ ನಿಂತು ಇಳಿಬಿಸಿಲು ಬಂತು. ನೀರು ಸೋರುತ್ತಿದ್ದ ಆ ತೂತುಗಳಲ್ಲೇ ಈಗ ಬೆಳಕು ಇಣುಕಿ, ಕತ್ತಲೆಯ ಮಾಡಿನ ತುಂಬ ನಕ್ಷತ್ರಗಳು ಮೂಡಿದಂತಾಯಿತು. ಅವಳ ಕೂಸು ಮೇಲೆ ನೋಡುತ್ತ ಕೇಕೆ ಹಾಕಿತು.

ಈ ಪ್ರಸಂಗವನ್ನು ನಾನು ಮರೆತೇಬಿಟ್ಟಿದ್ದೆ. ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಕಳೆದ ಬಳಿಕ ಒಂದು ಕಲಾಪುಸ್ತಕವನ್ನು ತಿರುವಿಹಾಕುತ್ತಿದ್ದಾಗ ಆ ಗುಡಿಸಲೇ ನನ್ನ ಕಣ್ಣ ಮುಂದೆ ಬಂದು ನಿಂತಿತು. ಸಾಲಾಗಿ ನಿಲ್ಲಿಸಿದ ಡಾಂಬರು ಪೀಪಾಯಿಗಳ ಕಂಬಗಳು, ಚಪ್ಪಟೆ ತಗಡುಗಳ ಗೋಡೆ, ಬಗ್ಗಿಯೇ ಹೋಗಬೇಕಾದ ಬಾಗಿಲು, ಒಳಗೆ ಕತ್ತಲೆ, ಮಾಡಿನಲ್ಲಿ ಸೂಜಿಮೊನೆಯಷ್ಟು ತೂತುಗಳ ಮೂಲಕ ಬರುವ ನಕ್ಷತ್ರಗಳಂಥ ಬೆಳಕು. ಅದು 2006ರಲ್ಲಿ ರಚಿತವಾದ ‘ಡಾರ್ಕ್‌ರೂಮ್’ ಎಂಬ ಶಿಲ್ಪ. ರಚಿಸಿದವರು ನಮ್ಮ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಕಲಾವಿದೆ ಶೀಲಾ ಗೌಡ.

ಇದು ಶಿಲ್ಪವೆ? ಶಿಲ್ಪವೆಂದರೆ ಬೇಲೂರಿನ ಮದನಿಕೆಯನ್ನು ನೆನೆಯುವ ನಾವು ಈ ಪ್ರಶ್ನೆಯನ್ನು ಕೇಳುವುದು ಸಹಜ. ಮದನಿಕೆಯಲ್ಲಿ ಕಲ್ಲು ತನ್ನ ಕಲ್ಲುತನವನ್ನು ಮರೆತು ಬಳೆಯಾಗಿದೆ, ಬಳ್ಳಿಯಾಗಿದೆ, ನಗೆಯಾಗಿದೆ. ಇಲ್ಲಿಯಾದರೋ ತಗಡು ತಗಡಾಗಿಯೇ ಇದೆ. ಹೀಗೆ ವಸ್ತುವನ್ನು ವಸ್ತುವಾಗಿಯೇ ಉಳಿಸುವ, ಅಲಂಕಾರವನ್ನು ಬಿಡುವ, ಕಾರ್ಖಾನೆಯ ಸಾಮಗ್ರಿಗಳನ್ನೂ ಕಟ್ಟಡದ ಬಯಲನ್ನೂ ಬಳಸುವ ಶಿಲ್ಪಮಾರ್ಗವೊಂದು ಕಳೆದ ಶತಮಾನದಲ್ಲಿ ಬೆಳೆದುಬಂದಿದೆ. ಪಶ್ಚಿಮದಲ್ಲಿ ಇದಕ್ಕೆ ‘ಮಿನಿಮಲಿಸಂ’ ಎಂದು ಹೆಸರು. ‘ಮಿನಿಮಲ್ ಆರ್ಟ್’ ಎಂಬ ಮಾತನ್ನು 1965ರ ಲೇಖನವೊಂದರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ತತ್ತ್ವಶಾಸ್ತ್ರಜ್ಞ ರಿಚರ್ಡ್ ವೋಲ್‌ಹೈಮ್. ಕನ್ನಡದಲ್ಲಿ ‘ಕನಿಷ್ಠತಾವಾದ’ ಎನ್ನಬಹುದು. ನನಗೇನೋ ಆ ಮಾತು ಕೂಲಿಯ ದರವನ್ನು ನೆನಪಿಸುತ್ತದೆ. ‘ಮಿತ’ ಎಂಬ ಹಳೆಯ ಮಾತೇ ಸಾಕು. ಮಿತವೆಂದರೆ ಕಡಿಮೆಯೆಂದಷ್ಟೇ ಅಲ್ಲ, ಅಳೆದದ್ದು ಎಂದೂ ಅರ್ಥ. ಆದುದರಿಂದ ಇದನ್ನು ಮಿತಶಿಲ್ಪವೆಂದು ಕರೆದು ಮುಂದುವರಿಯುತ್ತೇನೆ.

ಈ ಮಾರ್ಗದ ಪೂರ್ವಸೂರಿಗಳಲ್ಲಿ ಒಬ್ಬ ರುಮೇನಿಯಾದ ಬ್ರಾಂಕುಶಿ. 1938ರಲ್ಲಿ ಆತ ತನ್ನ ನಾಡಿನ ತಿರ್ಗು ಜಿಯು ಎಂಬ ಊರಿನಲ್ಲಿ ಸುಮಾರು 30 ಮೀಟರ್ ಎತ್ತರದ ಎರಕದ ಕಬ್ಬಿಣದ ಕಂಬವೊಂದನ್ನು ನಿಲ್ಲಿಸಿದ. ಒಂದೇ ಆಕಾರದ ಗುಂಡು ಒಂದರ ಮೇಲೊಂದು ಕೂತು ಮೇಲೇರುತ್ತದೆ, ಬೋದಿಗೆಯಿಲ್ಲ, ಶಿಖರವಿಲ್ಲ. ‘ಅನಂತಸ್ತಂಭ’ವೆಂದು ಅದರ ಹೆಸರು. ಒಂದನ್ನೇ ಮತ್ತೆ ಮತ್ತೆ ಇಡುವುದರಿಂದಲೇ ಕಲೆ ಹುಟ್ಟಬಲ್ಲದೆಂಬುದನ್ನು ಆ ಕಂಬ ತೋರಿಸಿತು.

ಆದರೆ ಇದೊಂದು ಪಂಥವಾದದ್ದು 1960ರ ದಶಕದ ಅಮೆರಿಕದಲ್ಲಿ. 1963ರಲ್ಲಿ ಡ್ಯಾನ್ ಫ್ಲೇವಿನ್ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೈಟೊಂದನ್ನು ಗೋಡೆಗೆ ಓರೆಯಾಗಿ ಸಿಕ್ಕಿಸಿ ಕೃತಿಯೆಂದ. 1966ರಲ್ಲಿ ನ್ಯೂಯಾರ್ಕಿನ ಯಹೂದಿ ವಸ್ತುಸಂಗ್ರಹಾಲಯದಲ್ಲಿ ನಡೆದ ‘ಪ್ರೈಮರಿ ಸ್ಟ್ರಕ್ಚರ್ಸ್’ ಎಂಬ ಪ್ರದರ್ಶನ ಈ ಬಗೆಯ ಕಲಾವಿದರನ್ನು ಒಂದೆಡೆ ಸೇರಿಸಿತು. ಅವರಲ್ಲೊಬ್ಬ ಕಾರ್ಲ್ ಆಂದ್ರೆ. ರೈಲ್ವೆಯಲ್ಲಿ ಕೆಲವು ವರ್ಷ ದುಡಿದಿದ್ದ ಈತ ಅದೇ ವರ್ಷ 120 ಅಗ್ಗಿ ಇಟ್ಟಿಗೆಗಳನ್ನು, ಗಾರೆಯಿಲ್ಲದೆ, ಎರಡು ವರಸೆಯಾಗಿ ನೆಲದ ಮೇಲೆ ಜೋಡಿಸಿದ. ಲಂಡನ್ನಿನ ಟೇಟ್ ಸಂಗ್ರಹಾಲಯ 1972ರಲ್ಲಿ ಅದನ್ನು ಕೊಂಡಿತು. 1976ರಲ್ಲಿ ಸುದ್ದಿ ಪತ್ರಿಕೆಗಳಿಗೆ ಬಂದಾಗ ಸಾರ್ವಜನಿಕರ ಹಣದಲ್ಲಿ ಇಟ್ಟಿಗೆ ಕೊಂಡರೆಂದು ಇಂಗ್ಲೆಂಡಿನಲ್ಲೆಲ್ಲ ಕೋಲಾಹಲವೆದ್ದಿತು. ಜನರ ಕೋಪವನ್ನು ಹಾಸ್ಯಮಾಡಿ ಮುಂದೆ ಹೋಗುವುದು ಸುಲಭ. ಆದರೆ ಆ ಕೋಪದಲ್ಲಿ ಒಂದು ನ್ಯಾಯವಾದ ಪ್ರಶ್ನೆಯಿತ್ತು: ಇದರಲ್ಲಿ ಕೈಯೆಲ್ಲಿದೆ? ದುಡಿಮೆಯೆಲ್ಲಿದೆ?

ಈ ಪ್ರಶ್ನೆಗೆ ನೇರವಾಗಿ ಎದುರಾದವನು ಡೊನಾಲ್ಡ್ ಜಡ್. ಪೆಟ್ಟಿಗೆಯಂಥ ತನ್ನ ಶಿಲ್ಪಗಳನ್ನು ಆತ 1964ರಿಂದ ತಗಡಿನ ಕೆಲಸದ ಕಾರ್ಖಾನೆಯೊಂದರಲ್ಲಿ ಮಾಡಿಸಿದ. ಅಳತೆ ಬರೆದುಕೊಡುವುದು ತನ್ನ ಕೆಲಸ, ಕತ್ತರಿಸಿ ಬೆಸೆಯುವುದು ಅವರ ಕೆಲಸ. ಕಲಾವಿದನ ಬೆರಳಚ್ಚು ಕೃತಿಯ ಮೇಲೆ ಇರಕೂಡದೆಂಬುದೇ ಆತನ ಮತ. 1970ರ ದಶಕದಲ್ಲಿ ಆತ ನ್ಯೂಯಾರ್ಕನ್ನು ಬಿಟ್ಟು ಟೆಕ್ಸಾಸಿನ ಮಾರ್ಫಾ ಎಂಬ ಒಣಸೀಮೆಯ ಸಣ್ಣ ಊರಿಗೆ ಹೋಗಿ ನೆಲೆಸಿದ. ಅಲ್ಲಿ ಸೈನ್ಯ ಬಿಟ್ಟುಹೋಗಿದ್ದ ಎರಡು ಫಿರಂಗಿ ಕೊಟ್ಟಿಗೆಗಳಲ್ಲಿ, 1982ರಿಂದ 1986ರ ಅವಧಿಯಲ್ಲಿ, ನೂರು ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಇರಿಸಿದ. ಹೊರಗಿನಿಂದ ಎಲ್ಲದರ ಅಳತೆಯೂ ಒಂದೇ. ಒಳಗಿನ ವಿಭಾಗ ಮಾತ್ರ ಒಂದರಂತೆ ಒಂದಿಲ್ಲ. ಕೊಟ್ಟಿಗೆಯ ಬಾಗಿಲುಗಳನ್ನು ತೆಗೆಸಿ ಉದ್ದಕ್ಕೂ ಗಾಜು ಹಾಕಿಸಿದ. ಬೆಳಗಿನ ಬಿಸಿಲು ಒಂದು ಪೆಟ್ಟಿಗೆಯನ್ನು ಬೆಳಗಿಸಿದರೆ ಸಂಜೆಯದು ಇನ್ನೊಂದನ್ನು ಕರಗಿಸುತ್ತದೆಯೆಂದು ಕಂಡವರು ಹೇಳುತ್ತಾರೆ. ಅಲ್ಲಿ ಶಿಲ್ಪವಾಗಿರುವುದು ಪೆಟ್ಟಿಗೆಯಷ್ಟೇ ಅಲ್ಲ. ಕೊಟ್ಟಿಗೆ, ಕಿಟಕಿ, ಬಿಸಿಲು, ಪೆಟ್ಟಿಗೆಗಳ ನಡುವೆ ನಡೆಯುವ ನಾವು ಎಲ್ಲವೂ. ಒಂದು ವಸ್ತುವನ್ನು ನೋಡುವುದರ ಬದಲು ಒಂದು ಬಯಲಿನಲ್ಲಿ ಇರುವುದು, ಇದೇ ಮಿತಶಿಲ್ಪ ಕಲಿಸಿದ ಮುಖ್ಯ ಪಾಠ.

ಈ ಪಾಠ ನಮ್ಮ ನೆಲಕ್ಕೆ ತೀರ ಅಪರಿಚಿತವೆ? ಪಾವಗಡದಿಂದ ಬಹುದೂರವೇನೂ ಇಲ್ಲದ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವುದು ಎಲ್ಲರಿಗೂ ತಿಳಿದಿದೆ. ಅದೇ ತಾಣದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಕಬ್ಬಿಣಯುಗದ ಕಲ್ಗೋರಿಗಳು ಬೆಳಕಿಗೆ ಬಂದವು. ನಾಲ್ಕು ಕಣಶಿಲೆಯ ಚಪ್ಪಡಿಗಳನ್ನು ಸ್ವಸ್ತಿಕದ ಕೈಗಳಂತೆ ಒಂದು ಇನ್ನೊಂದನ್ನು ತಡೆದು ಹಿಡಿಯುವಂತೆ ನಿಲ್ಲಿಸಿ, ಒಂದರಲ್ಲಿ ದುಂಡನೆಯ ರಂಧ್ರ ಕೊರೆದು, ಮೇಲೆ ಮುಚ್ಚುಗಲ್ಲು ಹೊದಿಸಿದ್ದಾರೆ. ಗಾರೆಯಿಲ್ಲ, ಕೆತ್ತನೆಯಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಇಂಥ ಸುಮಾರು 400 ಕಲ್ಮನೆಗಳೂ ಕಲ್ಗೋರಿಗಳೂ ಇವೆ. ಸಂಜೆಯ ಹೊತ್ತು ಅವುಗಳ ನಡುವೆ ನಿಂತಾಗ ಮಾತು ತಾನೇ ಕೆಳಗಿಳಿಯುತ್ತದೆ. ಇನ್ನು ನಮ್ಮ ಶಿರಾ, ಮಧುಗಿರಿ, ಕೊರಟಗೆರೆ ಸೀಮೆಯ ಹೊಲಗಳ ಸುತ್ತ ಕಲ್ಲುಕುಟಿಗರು ಸೀಳಿ ನಿಲ್ಲಿಸಿದ ಚಪ್ಪಡಿಗಳ ಬೇಲಿಯನ್ನು ನಾವೆಲ್ಲರೂ ಕಂಡಿದ್ದೇವೆ. ನೋಡಿದ್ದೇವೆಯೆ ಎಂಬುದು ಬೇರೆ ಮಾತು.

ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ಬೆನ್ನು ತಟ್ಟಿಕೊಳ್ಳಲು ನಾನು ಹೇಳುತ್ತಿಲ್ಲ. ಬ್ರಹ್ಮಗಿರಿಯವರು ಕಲೆ ಮಾಡಲು ಹೊರಟವರಲ್ಲ. ಸತ್ತವರಿಗೆ ಮನೆ ಕಟ್ಟಿದರು. ಕಲ್ಲುಕುಟಿಗ ದನ ನುಗ್ಗದಿರಲೆಂದು ಚಪ್ಪಡಿ ನಿಲ್ಲಿಸಿದ. ಅಗತ್ಯವೇ ಅವರಿಗೆ ಮಿತವನ್ನು ಕಲಿಸಿತು. ಜಡ್ ಮಹಾಶಯನಿಗೆ ಮಿತವು ಆಯ್ಕೆ. ಇವರಿಗೆ ಅದು ಬದುಕು. ಈ ಭೇದವನ್ನು ಮರೆತರೆ ಬಡತನವನ್ನೇ ಸೌಂದರ್ಯವೆಂದು ಹೊಗಳುವ ಅಪರಾಧಕ್ಕೆ ಗುರಿಯಾಗುತ್ತೇವೆ. ಶೀಲಾ ಗೌಡರ ಹಿರಿಮೆ ನನಗೆ ಕಾಣುವುದು ಇಲ್ಲಿಯೇ. ಅವರು ಈ ಭೇದವನ್ನು ಮರೆತವರಲ್ಲ.

ಅವರು ಕಲಿತದ್ದು ಮೊದಲು ಬೆಂಗಳೂರಿನಲ್ಲಿ ಆರ್. ಎಂ. ಹಡಪದರು ಕಟ್ಟಿದ ಕೆನ್ ಕಲಾಶಾಲೆಯಲ್ಲಿ, ಬಳಿಕ ಶಾಂತಿನಿಕೇತನದಲ್ಲಿ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ. 1986ರಲ್ಲಿ ಅಲ್ಲಿ ಎಂ.ಎ. ಪದವಿ ಪಡೆದದ್ದು ಚಿತ್ರಕಲೆಯಲ್ಲಿ. 1990ರ ದಶಕದ ಆರಂಭದಲ್ಲಿ, ಮುಂಬಯಿಯ ಕೋಮುಗಲಭೆಗಳ ಆ ಕ್ರೂರ ದಿನಗಳ ಬಳಿಕ, ಬಣ್ಣ ಕುಂಚಗಳು ಸಾಲವೆಂದು ತೋರಿ ಅವರು ಸಗಣಿಯನ್ನು ಕೈಗೆತ್ತಿಕೊಂಡರು. ನಮ್ಮ ಹೆಂಗಸರು ನಿತ್ಯ ಸಾರಿಸುವ, ತಟ್ಟುವ, ಒಲೆಗಿಡುವ ಸಗಣಿ. ಪೂಜೆಗೂ ಸಲ್ಲುವ, ರಾಜಕೀಯಕ್ಕೂ ಸಿಲುಕಿದ ಗೋವಿನ ಸಗಣಿ. ಅನಂತರ ಬಂದದ್ದು ದಾರ. ನೂರಾರು ಅಡಿ ದಾರವನ್ನು ಸೂಜಿಯ ಕಣ್ಣುಗಳಲ್ಲಿ ಪೋಣಿಸಿ, ಎಳೆದು, ಅಂಟು ಕುಂಕುಮಗಳನ್ನು ಸವರಿ ಹಗ್ಗ ಮಾಡಿ ಕೋಣೆಯ ಗೋಡೆ ನೆಲಗಳ ಮೇಲೆ ಗೆರೆ ಎಳೆದಂತೆ ಇಳಿಬಿಟ್ಟರು. ದೂರದಿಂದ ಕೆಂಪು ಗೆರೆ. ಹತ್ತಿರ ಹೋದರೆ ಹಗ್ಗದ ತುದಿಯಲ್ಲಿ ಗೊಂಚಲು ಗೊಂಚಲಾಗಿ ಸೂಜಿಗಳು. ಎಷ್ಟು ದಿನ, ಎಷ್ಟು ಬೆರಳುಗಳ ನೋವು ಅದರಲ್ಲಿ ಅಡಗಿದೆಯೆಂಬುದು ಆಗ ಅರಿವಾಗುತ್ತದೆ.

2009ರ ವೆನಿಸ್ ಬಿನಾಲೆಯಲ್ಲಿ ಅವರು ಇರಿಸಿದ ‘ಬಿಹೋಲ್ಡ್’ ಎಂಬ ಕೃತಿಯಲ್ಲಿ ಎರಡೇ ವಸ್ತುಗಳು: ಸುಮಾರು 4000 ಮೀಟರ್ ಕೂದಲ ಹಗ್ಗ ಮತ್ತು ಸುಮಾರು ಇಪ್ಪತ್ತು ಮೋಟಾರು ಕಾರುಗಳ ಬಂಪರು. ಬೆಂಗಳೂರಿನ ಬೀದಿಯಲ್ಲಿ ವಾಹನಗಳಿಗೆ ದೃಷ್ಟಿ ತಾಗದಿರಲೆಂದು ಕೂದಲ ಹಗ್ಗ ಕಟ್ಟುವುದನ್ನು ಬಲ್ಲ ನಮಗೆ ಇದು ಒಗಟಲ್ಲ. ಹರಕೆಗೆಂದು ಮುಡಿಕೊಟ್ಟ ಯಾರ ಯಾರದೋ ಕೂದಲು ಉಕ್ಕಿನ ಬಂಪರನ್ನು ಎತ್ತಿ ಹಿಡಿದು ತೂಗಾಡಿಸುತ್ತದೆ. ನಂಬಿಕೆಯೆಂಬುದು ಎಷ್ಟು ತೆಳು, ಎಷ್ಟು ಗಟ್ಟಿ! ಈ ಕೃತಿ ಈಗ ಟೇಟ್ ಸಂಗ್ರಹಾಲಯದಲ್ಲಿದೆ. ಹಿಂದೊಮ್ಮೆ ಇಟ್ಟಿಗೆಗಾಗಿ ಬೈಸಿಕೊಂಡ ಅದೇ ಟೇಟ್. 2019ರಲ್ಲಿ ಶೀಲಾ ಗೌಡರಿಗೆ ಮರಿಯಾ ಲಾಸ್ನಿಗ್ ಪ್ರಶಸ್ತಿ ದೊರೆಯಿತು. ಅದೇ ವರ್ಷ ಇಟಲಿಯ ಮಿಲಾನಿನಲ್ಲಿ, ಹಿಂದೆ ಕಾರ್ಖಾನೆಯಾಗಿದ್ದ ವಿಶಾಲ ಕಟ್ಟಡವೊಂದರಲ್ಲಿ, ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆಯಿತು.

ಡಾಂಬರು ಪೀಪಾಯಿಗೆ ಮರಳುತ್ತೇನೆ. ಇದೂ ಜಡ್‌ನ ಅಲ್ಯೂಮಿನಿಯಮ್ಮಿನಂತೆ ಕಾರ್ಖಾನೆಯ ವಸ್ತುವೇ. ಆದರೆ ಜಡ್‌ನ ತಗಡು ಕಾರ್ಖಾನೆಯಿಂದ ನೇರವಾಗಿ ಕಲಾಶಾಲೆಗೆ ಬಂತು, ಯಾರ ಕೈಯ ಗುರುತೂ ಇಲ್ಲದೆ. ಶೀಲಾ ಗೌಡರ ತಗಡು ಬಂದದ್ದು ರಸ್ತೆಯ ಮೂಲಕ. ಅದರ ಮೇಲೆ ಸುತ್ತಿಗೆಯ ಏಟಿದೆ, ತುಕ್ಕಿದೆ, ಡಾಂಬರಿನ ಕಲೆಯಿದೆ. ಅವರ ಇನ್ನೊಂದು ಕೃತಿಯ ಹೆಸರು ‘ಕಾಗೆಬಂಗಾರ’. ಅದರಲ್ಲಿ ಡಾಂಬರು ಪೀಪಾಯಿಗಳ ಜೊತೆ ಟಾರ್ಪಾಲು, ಅಭ್ರಕಗಳಿವೆ. ಹೊಳೆಯುವ, ಆದರೆ ಬೆಲೆಯಿಲ್ಲದ ಅಭ್ರಕಕ್ಕೆ ನಮ್ಮ ಜನ ಇಟ್ಟ ಆ ಹೆಸರನ್ನು ಹೊರನಾಡಿನ ಪ್ರೇಕ್ಷಕರೂ ಕನ್ನಡದಲ್ಲಿಯೇ ಉಚ್ಚರಿಸುವಂತಾಯಿತು. ಪಶ್ಚಿಮದ ಮಿತಶಿಲ್ಪ ಮನುಷ್ಯನ ಕೈಯನ್ನು ಒರೆಸಿ ವಸ್ತುವನ್ನು ಶುದ್ಧಗೊಳಿಸಿತು. ನಮ್ಮ ಕಲಾವಿದೆ ಆಕಾರದ ಶುದ್ಧಿಯನ್ನು ಉಳಿಸಿಕೊಂಡು ಕೈಯ ಗುರುತನ್ನು ಒರೆಸಲು ಒಪ್ಪಲಿಲ್ಲ. ‘ಡಾರ್ಕ್‌ರೂಮ್’ ಒಳಗೆ ನಾನು ಹೊಕ್ಕವನಲ್ಲ, ಚಿತ್ರದಲ್ಲಿ ಕಂಡವನು. ಆದರೂ ಹೊಕ್ಕವರಿಗೆ ಏನಾಗಿರಬೇಕೆಂಬುದನ್ನು ಬಲ್ಲೆ. ಯಾರೇ ಆಗಲಿ ಅಲ್ಲಿ ತಲೆ ತಗ್ಗಿಸಬೇಕು. ಮಿಡಿಗೇಶಿಯ ರಸ್ತೆಯಲ್ಲಿ ನಾನು ತಗ್ಗಿಸಿದಂತೆ.

ಇಷ್ಟು ಹೇಳಿ ಮುಗಿಸಿದ್ದರೆ ಇದು ಕಲೆಯ ಉಪನ್ಯಾಸವಾಗಿ ಉಳಿಯುತ್ತಿತ್ತು. ಆದರೆ ಬಲಸಮುದ್ರದ ವಿಷಯ ಬಾಕಿಯಿದೆ.

ನಮ್ಮ ಕಡೆ ಊರ ಹೆಸರಿನಲ್ಲಿ ‘ಸಮುದ್ರ’ವೆಂದರೆ ಕೆರೆಯೆಂದೇ ಅರ್ಥ. ಮಳೆ ಕಡಿಮೆಯಾದ, ನೆಲದ ನೀರಿನಲ್ಲಿ ಫ್ಲೋರೈಡು ಬೆರೆತ ಸೀಮೆಯಲ್ಲಿ ಹಿರಿಯರು ಆಸೆಯಿಂದ ಇಟ್ಟ ಹೆಸರದು. ಇಂದು ಆ ಊರಿನ ಬಯಲಿಗೆ ಹೋದರೆ ನಿಜವಾಗಿಯೂ ನೀಲಿಯ ಹರವೊಂದು ಕಾಣುತ್ತದೆ. ಅದು ಸೌರಫಲಕಗಳದ್ದು. ಬಲಸಮುದ್ರ, ತಿರುಮಣಿ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಪಾವಗಡದ ಸೌರ ಉದ್ಯಾನ 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ 2050 ಮೆಗಾವಾಟ್. ಭೂಮಿಯನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆಯೊಡನೆ, ರೈತರಿಂದ ಗುತ್ತಿಗೆಗೆ ಪಡೆದದ್ದು ಆ ಯೋಜನೆಯ ವಿಶೇಷ. ಬಿತ್ತಿದ ಬೀಜವೂ ಮರಳದ ವರ್ಷಗಳನ್ನು ಕಂಡವರಿಗೆ ಅದು ದೊಡ್ಡ ಆಸರೆಯೇ ಸರಿ.

ನನ್ನ ತಾಯಿಯ ಪಾಲಿಗೆ ಬಂದಿದ್ದ ನಾಲ್ಕು ಎಕರೆ ಖುಷ್ಕಿಯೂ ಅದರಲ್ಲಿ ಸೇರಿತು. ಸಹಿ ಹಾಕಿದವನು ನಾನು. ನಿವೃತ್ತನಾದ ಮೇಲೆ ಒಮ್ಮೆ ನೋಡಲು ಹೋದೆ. ತಂತಿಬೇಲಿಯ ಹೊರಗೆ ನಿಂತವನಿಗೆ, ನಿಜ ಹೇಳಬೇಕೆಂದರೆ, ಮೈ ಜುಮ್ಮೆಂದಿತು. ಒಂದೇ ಅಳತೆಯ ಗಾಜಿನ ಹಲಗೆಗಳು ಕಣ್ಣು ಹಾಯುವವರೆಗೆ ಸಾಲುಸಾಲಾಗಿ ಓರೆನಿಂತಿದ್ದವು. ಮೋಡ ಸರಿದಂತೆ ನೀಲಿ ಬೂದಾಗಿ, ಬೂದು ಬೆಳ್ಳಿಯಾಗುತ್ತಿತ್ತು. ಪುಸ್ತಕದಲ್ಲಿ ಕಂಡಿದ್ದ ಮಾರ್ಫಾದ ಪೆಟ್ಟಿಗೆಗಳೇ ಬಯಲಿಗಿಳಿದಂತೆ ತೋರಿತು. ನನ್ನ ಜೊತೆ ಬಂದಿದ್ದವನು ಆ ಹೊಲವನ್ನು ಮೂವತ್ತು ವರ್ಷ ವಾರಕ್ಕೆ ಮಾಡಿದ್ದ ಒಬ್ಬ ಹಿರಿಯ. ‘ಎಷ್ಟು ಚೆನ್ನಾಗಿದೆ ನೋಡಪ್ಪ, ಒಂದು ಗೆರೆಯೂ ಸೊಟ್ಟಗಿಲ್ಲ’ ಎಂದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೌದು ಮೇಷ್ಟ್ರೇ. ನಮ್ಮ ಸಾಲೂ ನೆಟ್ಟಗೇ ಇರ್ತಿತ್ತು, ನೀವ್ ನೋಡಿರ್ನಿಲ್ಲ’ ಎಂದ.

ಆತನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಆ ಮಾತು ಹೆಚ್ಚು ನಾಟಿತು. ಎಂಟು ಸಾಲು ಕಡಲೆಕಾಯಿಗೆ ಒಂದು ಸಾಲು ತೊಗರಿ ಅಕ್ಕಡಿ ಹಾಕಿ, ಮಳೆ ಬಂದ ಎರಡೇ ದಿನದ ಹದದಲ್ಲಿ, ಎತ್ತಿನ ಹಿಂದೆ ನಡೆಯುತ್ತ ಆತ ಎಳೆದ ಸಾಲುಗಳನ್ನು ನಾನು ಪ್ರತಿವರ್ಷವೂ ಕಂಡಿದ್ದೆ. ಮಿತಶಿಲ್ಪವನ್ನು ಕುರಿತು ಪುಸ್ತಕಗಳನ್ನು ಓದಿದವನಿಗೆ, ಒಂದನ್ನೇ ಮತ್ತೆ ಮತ್ತೆ ಇಡುವ ಆ ವಿದ್ಯೆ ತನ್ನ ಹೊಲದಲ್ಲೇ ಇದ್ದದ್ದು ಕಣ್ಣಿಗೆ ಬಿದ್ದಿರಲಿಲ್ಲ. ಅದಕ್ಕಿಂತ ದೊಡ್ಡ ಕುರುಡು ಇನ್ನೊಂದಿತ್ತು. ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತದೆ. ಸಾಲು ಎಳೆದವನ ಹೆಸರು ಪಹಣಿಯಲ್ಲಿರುವುದಿಲ್ಲ. ಸಹಿ ಹಾಕುವ ದಿನ ಈ ವಿಚಾರ ನನಗೆ ಹೊಳೆಯಲೇ ಇಲ್ಲ. ಅದರ ತಪ್ಪನ್ನು ಬೇರಾರ ಮೇಲೂ ಹೊರಿಸಲಾರೆ.

ಮರುವರ್ಷದ ಹಣ ಬಂದಾಗ ಅದರಲ್ಲಿ ಅರ್ಧವನ್ನು ತೆಗೆದುಕೊಂಡು ಆತನ ಮನೆಗೆ ಹೋದೆ. ಆತ ಹಣವನ್ನು ಮುಟ್ಟಲಿಲ್ಲ. ‘ಬೆಳೀದಿದ್ ಬೆಳೆಗೆ ಎಂಥಾ ವಾರ ಮೇಷ್ಟ್ರೇ?’ ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಹೊರಟು ನಿಂತಾಗ ಆತನ ಸೊಸೆ ಹುರಿದ ಕಡಲೆಕಾಯಿ ತಂದಿಟ್ಟಳು. ಸಂತೆಯಿಂದ ಕೊಂಡು ತಂದದ್ದು.

ಕೇಳುಗರೆ, ಕನ್ನಡದಲ್ಲಿ ‘ಅವಕಾಶ’ವೆಂಬ ಪದಕ್ಕೆ ಎರಡು ಅರ್ಥಗಳಿವೆ. ಎಡೆ, ಬಯಲು, ತೆರಪು ಎಂಬುದೊಂದು. ಒದಗಿಬಂದ ಸಂದರ್ಭ, ಆಸ್ಪದ ಎಂಬುದು ಇನ್ನೊಂದು. ಇಂದಿನ ಶಿಲ್ಪದ ಮುಖ್ಯ ಸಾಮಗ್ರಿ ಅವಕಾಶವೆಂದು ವಿಮರ್ಶಕರು ಹೇಳುವಾಗ ಮೊದಲ ಅರ್ಥ ಅವರ ಮನಸ್ಸಿನಲ್ಲಿರುತ್ತದೆ. ಶೀಲಾ ಗೌಡರ ಡಾಂಬರು ಕೋಣೆ ಎರಡನೆಯ ಅರ್ಥವನ್ನೂ ಅದಕ್ಕೆ ಸೇರಿಸಿತು: ಈ ಬಯಲು ಯಾರದು, ಇದನ್ನು ಕಟ್ಟಿದವರಿಗೆ ಇದರಲ್ಲಿ ಎಡೆಯೆಷ್ಟು ಎಂಬ ಪ್ರಶ್ನೆಯನ್ನು. ಸೌರಫಲಕಗಳು ಬೇಡವೆಂದು ನಾನು ಹೇಳುತ್ತಿಲ್ಲ; ಈ ಮಾತು ತಮ್ಮನ್ನು ತಲುಪುವುದಕ್ಕೂ ವಿದ್ಯುತ್ತು ಬೇಕು. ಅವು ಚೆಲುವಾಗಿಲ್ಲವೆಂದೂ ಹೇಳಲಾರೆ. ಒಂದು ನೆಟ್ಟನೆಯ ಗೆರೆಯನ್ನು ಕಂಡಾಗ ಈಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದನ್ನು ಎಳೆದ ಕೈ ಯಾವುದು? ಇದಕ್ಕೂ ಮೊದಲು ಇಲ್ಲಿದ್ದ ಗೆರೆ ಯಾರದು? ಮಿಡಿಗೇಶಿಯ ದಾರಿಯಲ್ಲಿ ಒಲೆಯ ಮೇಲೆ ತಟ್ಟೆ ಹಿಡಿದು ಕೂತಿದ್ದ ಆ ತಾಯಿಯ ಹೆಸರನ್ನು ನಾನು ಅಂದು ಕೇಳಿಕೊಳ್ಳಲಿಲ್ಲ. ಬಸ್ಸು ಸರಿಯಾಯಿತೆಂದು ಎದ್ದು ಬಂದುಬಿಟ್ಟೆ.